ಅಪ್ಪ ಬಿಟ್ಟ ಮೀನು

ಒಂದು ವರ್ಷ ನಮ್ಮ ಮನೆಯಲ್ಲಿ ಮೀನು ನನ್ನ ತಟ್ಟೆಗೆ ಮಾತ್ರ ಬೀಳುತ್ತಿತ್ತು. ಅಪ್ಪ, ಆಯಿ, ಅಜ್ಜಿ ಮೂವರ ಮುಂದೆಯೂ ಅನ್ನ, ಬೇಳೆಸಾರು, ಒಂದು ಚೂರು ಉಪ್ಪಿನಕಾಯಿ. ನನ್ನ ಮುಂದೆ ಹುರಿದ ಬಂಗಡೆ. ಅಂಕೋಲೆಯ ಕಡಲಬದಿಯ ಮನೆಯಲ್ಲಿ ಇಂಥ ಊಟ ನಡೆಯುತ್ತಿದ್ದರೆ ಯಾರೋ ತೀರಿಕೊಂಡಿದ್ದಾರೆ ಅಂದುಕೊಳ್ಳಬೇಕು. ನಮ್ಮಲ್ಲಿ ಯಾರೂ ತೀರಿಕೊಂಡಿರಲಿಲ್ಲ. ನಾನು ಓಟದಲ್ಲಿ ಮೂರನೆಯವಳಾಗಿ ಬಂದಿದ್ದೆ, ಅಷ್ಟೇ.

ಒಂಬತ್ತನೇ ತರಗತಿಯಲ್ಲಿದ್ದಾಗ ಕಾರವಾರದಲ್ಲಿ ನಡೆದ ಜಿಲ್ಲಾ ಮಟ್ಟದ ಎಂಟುನೂರು ಮೀಟರ್ ಓಟ ಅದು. ತಾಲೂಕಿಗೆ ಮೊದಲನೆಯವಳಾಗಿ ಗೆದ್ದು ಹೋದವಳು ಅಲ್ಲಿ ಮೂರನೆಯವಳಾದೆ. ನನಗೆ ಅದೇ ಧಾರಾಳವಾಗಿತ್ತು. ಪದಕವನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂಗೈಯಲ್ಲಿ ಹಿಡಿದುಕೊಂಡೇ ಬಂದೆ. ಪಕ್ಕದಲ್ಲಿ ಕೂತ ಅಪ್ಪ ಮಾತ್ರ ಕಿಟಕಿಯಾಚೆ ಕಡಲನ್ನೇ ನೋಡುತ್ತಿದ್ದ. ಮರುದಿನ ಬೆಳಿಗ್ಗೆ ಮಿಂದು, ಕೈಯಲ್ಲಿ ತೆಂಗಿನಕಾಯಿ ಹಿಡಿದು, ನನ್ನನ್ನೂ ಕರೆದುಕೊಂಡು ಊರ ಅಮ್ಮನವರ ಗುಡಿಗೆ ಹೋದ. ಪೂಜಾರಿಯ ಎದುರು ಕೈಮುಗಿದು ನಿಂತು, ಮಗಳು ಜಿಲ್ಲೆಗೆ ಫಸ್ಟ್ ಬರುವ ತನಕ ತಾನು ಮೀನು ಮುಟ್ಟುವುದಿಲ್ಲ ಎಂದು ಹರಕೆ ಹೇಳಿಕೊಂಡ.

ನಮ್ಮ ಕಡೆ ದೇವರಿಗೆಂದು ಏನಾದರೊಂದು ಬಿಡುವುದು ಹೊಸತಲ್ಲ. ಕಾಯಿಲೆ ಗುಣವಾಗಲೆಂದು ಚಪ್ಪಲಿ ಬಿಟ್ಟವರಿದ್ದಾರೆ, ಮನೆ ಏಳಲೆಂದು ಚಹಾ ಬಿಟ್ಟವರಿದ್ದಾರೆ. ಆದರೆ ಮೀನು ಬಿಡುವುದು ಹುಡುಗಾಟದ ಮಾತಲ್ಲ, ಅದರಲ್ಲೂ ನಮ್ಮ ಅಪ್ಪನಿಗೆ. ಕಾರವಾರದ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಅವನು ಸಂಜೆ ಬಸ್ಸಿಳಿದವನೇ ಅಂಕೋಲೆಯ ಮೀನು ಪೇಟೆಗೆ ನುಗ್ಗಿ, ಒಂದೊಂದರ ಕಿವಿರು ಎತ್ತಿ ನೋಡಿ, ಮೀನು ಮಾರುವ ಹೆಂಗಸರ ಹತ್ತಿರ ಬೈಸಿಕೊಂಡು, ಕೊನೆಗೆ ಒಳ್ಳೆಯದನ್ನೇ ತರುತ್ತಿದ್ದ. ಅಂಥವನು ಮೀನು ಬಿಟ್ಟ. ಗಂಡ ಬಿಟ್ಟ ಮೇಲೆ ಆಯಿಯೂ ಬಿಟ್ಟಳು. ಅಜ್ಜಿ ಮೊದಲು, ತಾನೇನು ಓಡಲು ಹೋಗುವುದಿಲ್ಲವಲ್ಲ, ತಾನ್ಯಾಕೆ ಬಿಡಬೇಕು ಎಂದು ಜಗಳ ತೆಗೆದಳು. ನಾಲ್ಕು ದಿನ ತಿಂದೂ ನೋಡಿದಳು. ಆಮೇಲೆ, ಮಗ ಉಣ್ಣದ್ದು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವಳೂ ತಟ್ಟೆ ಸರಿಸಿದಳು.

ನಾನೂ ಬಿಡುತ್ತೇನೆ ಅಂದೆ. ಅಪ್ಪ ಕೇಳಲಿಲ್ಲ. ಓಡುವವಳಿಗೆ ಶಕ್ತಿ ಬೇಕು, ನೀನು ತಿನ್ನಲೇಬೇಕು ಅಂದ. ಹಾಗಾಗಿ ಆಯಿ ದಿನಾ ನನ್ನೊಬ್ಬಳಿಗೆಂದು ಯಾರ ಕೈಯಲ್ಲಾದರೂ ಮೀನು ತರಿಸಿ ಹುರಿಯುತ್ತಿದ್ದಳು. ಎಣ್ಣೆಯಲ್ಲಿ ಮಸಾಲೆ ಚುರುಗುಟ್ಟುವ ವಾಸನೆ ಮನೆಯೆಲ್ಲ ತುಂಬುತ್ತಿತ್ತು. ಅಪ್ಪ ಎದುರಿಗೆ ಕೂತು ಬೇಳೆಸಾರು ಸುರಿದುಕೊಳ್ಳುತ್ತ, ನಾನು ಮುಳ್ಳು ಬಿಡಿಸುವುದನ್ನು ನೋಡುತ್ತಿದ್ದ. ತಿನ್ನು ತಿನ್ನು ಎಂದು ಪ್ರೀತಿಯಿಂದಲೇ ಹೇಳುತ್ತಿದ್ದ. ನನಗೆ ಒಂದೊಂದು ತುತ್ತೂ ಸಾಲ ತಂದು ನುಂಗಿದ ಹಾಗಾಗುತ್ತಿತ್ತು.

ಅಪ್ಪ ಬಸ್ಸಿನ ಹಿಂದೆ ಬಿಟ್ಟರೆ ಬೇರೆಲ್ಲೂ ಓಡಿದವನಲ್ಲ. ಓಟದ ಬಗ್ಗೆ ಅವನಿಗೆ ಗೊತ್ತಿದ್ದದ್ದೆಲ್ಲ ಮೊಬೈಲಿನಲ್ಲಿ ನೋಡಿ ಕಲಿತದ್ದು. ಆದರೆ ಕಡಲು ಗೊತ್ತಿತ್ತು. ನೀರು ಇಳಿದ ಮೇಲೆ ಹಸಿ ಮರಳು ಗಟ್ಟಿಯಾಗಿ, ಕಾಲು ಹೂತುಕೊಳ್ಳದ ಹಾಗಿರುತ್ತದಲ್ಲ, ಅದೇ ನನ್ನ ಮೈದಾನ. ಇಳಿತ ಎಷ್ಟು ಹೊತ್ತಿಗೆ ಎಂದು ದೋಣಿಯವರನ್ನು ಕೇಳಿ, ಅದಕ್ಕೆ ಸರಿಯಾಗಿ ನನ್ನನ್ನು ಎಬ್ಬಿಸುತ್ತಿದ್ದ. ನಾನು ಓಡುತ್ತಿದ್ದರೆ ಅವನು ಪ್ಯಾಂಟು ಮೊಣಕಾಲ ತನಕ ಮಡಚಿಕೊಂಡು, ಮೊಬೈಲಿನಲ್ಲಿ ಸಮಯ ಅಳೆಯುತ್ತ ನಿಂತಿರುತ್ತಿದ್ದ. ಬೈಯುತ್ತಿರಲಿಲ್ಲ. ಹೊಡೆಯುವುದಂತೂ ದೂರ. ಮೊಬೈಲು ನೋಡಿ, ಒಂದು ಉಸಿರು ಬಿಟ್ಟು, "ಇರ್ಲಿ" ಅನ್ನುತ್ತಿದ್ದ. ಬೈದಿದ್ದರೆ ನಾನೂ ಎರಡು ತಿರುಗಿ ಹೇಳುತ್ತಿದ್ದೆ, ನನಗೇನು ಬಾಯಿ ಇರಲಿಲ್ಲವೇ? ಆ "ಇರ್ಲಿ"ಗೆ ಏನು ಹೇಳುವುದು?

ಹರಕೆಯ ಸುದ್ದಿ ಊರಿಗೆಲ್ಲ ಹಬ್ಬಿತು. ಶಾಲೆಗೆ ಹೋಗುವಾಗ ಮೀನು ಪೇಟೆ ದಾಟಬೇಕಿತ್ತು. ಅಪ್ಪ ಕಾಯಂ ಮೀನು ಕೊಳ್ಳುತ್ತಿದ್ದ ಒಬ್ಬ ಹೆಂಗಸು ಬುಟ್ಟಿಯ ಹಿಂದಿನಿಂದಲೇ ನನ್ನನ್ನು ಕರೆದು, ಗೆದ್ದೆಯಾ ಇಲ್ಲವಾ, ನಿಮ್ಮಪ್ಪ ಇತ್ತ ಮುಖ ಹಾಕದೆ ಎಷ್ಟು ಕಾಲವಾಯಿತು ಎಂದು ಕೇಳುತ್ತಿದ್ದಳು. ತಮಾಷೆಗೇ ಕೇಳುತ್ತಿದ್ದಳು, ಪಾಪ. ನಾನು ದಾರಿ ಬದಲಿಸಿ, ಸುತ್ತುಬಳಸಿ ಶಾಲೆಗೆ ಹೋಗತೊಡಗಿದೆ. ಅಪ್ಪನೂ ಸಂಜೆ ಅದೇ ಸುತ್ತುದಾರಿಯಲ್ಲಿ ಬರುತ್ತಿದ್ದ ಎಂದು ಆಮೇಲೆ ಗೊತ್ತಾಯಿತು.

ಕಾರವಾರದ ಹತ್ತಿರ ಕಿನ್ನರ ಎಂಬ ಊರಿನಲ್ಲಿ ಸೋದರಮಾವನ ಮನೆ. ಒಮ್ಮೆ ಅಲ್ಲಿಗೆ ಊಟಕ್ಕೆ ಹೋಗಿದ್ದೆವು. ಅತ್ತೆ ಇಶ್ವಾಣ ಮೀನಿನ ದಪ್ಪ ತುಂಡುಗಳನ್ನು ರವೆಯಲ್ಲಿ ಹೊರಳಿಸಿ ಹುರಿದಿದ್ದಳು. ಅಪ್ಪನ ಎಲೆಗೆ ಬಂದಾಗ ಅವನು ಎರಡೂ ಕೈ ಅಡ್ಡ ಹಿಡಿದ. ಅತ್ತೆ ಅಲ್ಲೇ ನಿಂತು, "ಮಗಳಿಗಾಗಿ ಇಷ್ಟು ಮಾಡೂ ಅಪ್ಪ ಯಾರಿಗೆ ಸಿಗ್ತಾನೆ" ಅಂದಳು. ಪಂಕ್ತಿಯವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಮೀನಿನ ತುಂಡು. ಅದನ್ನು ಬಾಯಿಗೆ ಇಡಲೂ ಆಗದೆ, ಎಲೆಗೆ ಹಾಕಲೂ ಆಗದೆ ಕೂತಿದ್ದೆ. ಆ ಕ್ಷಣದಲ್ಲಿ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಳ್ಳೆಯವನ ಮೇಲೆ ಸಿಟ್ಟು ಬಂದರೆ ಹಾಳಾದ್ದು ಅದನ್ನು ಇಡಲು ಜಾಗವೇ ಇರುವುದಿಲ್ಲ.

ಮಳೆಗಾಲ ಕಳೆದು ತಾಲೂಕು ಮಟ್ಟದ ಓಟ ಹತ್ತಿರ ಬಂದ ಹಾಗೆ ನನ್ನ ಹೊಟ್ಟೆ ಕೆಟ್ಟಿತು. ಉಂಡ ಸ್ವಲ್ಪ ಹೊತ್ತಿಗೆ ಬಚ್ಚಲಿಗೆ ಓಡಿ ವಾಂತಿ ಮಾಡುತ್ತಿದ್ದೆ. ಅಪ್ಪ ಬಿಟ್ಟ ಮೀನು, ಆಯಿ ಬಿಟ್ಟ ಮೀನು, ಅಜ್ಜಿ ಬಿಟ್ಟ ಮೀನು ಎಲ್ಲ ಹಾಗೆ ಬಚ್ಚಲ ನೀರಿನಲ್ಲಿ ಹರಿದುಹೋಗುತ್ತಿತ್ತು. ಆಯಿ ಅದು ಪಿತ್ತ ಎಂದು ಮುರುಗಲ ಹುಳಿಯ ಪಾನಕ ಮಾಡಿ ಕುಡಿಸಿದಳು. ಅಜ್ಜಿ ಮಾತ್ರ ನನ್ನ ಬೆನ್ನು ತಿಕ್ಕುತ್ತ, "ಇದು ಪಿತ್ತ ಅಲ್ಲ, ಹೆದ್ರಿಕೆ" ಅಂದಳು. ಅಪ್ಪನಿಗೆ ಹೇಳಬೇಡಿ ಎಂದು ಇಬ್ಬರ ಹತ್ತಿರವೂ ಆಣೆ ಹಾಕಿಸಿಕೊಂಡೆ. ಅಪ್ಪ ಆಗಲೇ ಸೊರಗಿದ್ದ, ಅಂಗಿಯ ಕಾಲರು ಕುತ್ತಿಗೆಗೆ ಸಡಿಲವಾಗಿತ್ತು.

ತಾಲೂಕಿನಲ್ಲಿ ಹೇಗೋ ಗೆದ್ದೆ. ಜಿಲ್ಲೆಯ ಓಟಕ್ಕೆ ಮತ್ತೆ ಅದೇ ಕಾರವಾರ, ಅದೇ ಮಣ್ಣಿನ ಮೈದಾನ, ಸುಣ್ಣದ ಗೆರೆಗಳು. ಶಾಲೆಯ ಪಿ.ಟಿ. ಮಾಸ್ತರರು ಬೆನ್ನಿಗೆ ನಂಬರು ಚುಚ್ಚುವಾಗ, ಯಾಕೆ ಇಷ್ಟು ನಡುಗುತ್ತಿದ್ದೀ, ಚಳಿಯೇ ಎಂದು ಕೇಳಿದರು. ಕಾರವಾರದ ಆ ಬಿಸಿಲಿನಲ್ಲಿ ಚಳಿ! ನಾನು ಹೌದು ಅಂದೆ. ಬೆಳಿಗ್ಗೆಯಿಂದ ಎರಡು ಸಲ ವಾಂತಿಯಾಗಿತ್ತು. ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ನೆತ್ತಿಯ ಮೇಲಿನ ಬಿಸಿಲು ಕಣ್ಣೊಳಗೆ ಇಳಿಯುತ್ತಿತ್ತು.

ಅಪ್ಪ ಹಗ್ಗದ ಆಚೆ, ಎಲ್ಲರಿಗಿಂತ ಮುಂದೆ ನಿಂತಿದ್ದ. ಹೋದ ವರ್ಷ ಗೆದ್ದ ಘಟ್ಟದ ಮೇಲಿನ ಹುಡುಗಿ ನನ್ನ ಪಕ್ಕದಲ್ಲೇ ಇದ್ದಳು, ನೀಳ ಕಾಲಿನವಳು. ನಾನು ಅವಳನ್ನು ನೋಡಿ ಹೆದರಬೇಕಿತ್ತು. ಅವಳ ಕಡೆ ನನಗೆ ಗಮನವೇ ಇರಲಿಲ್ಲ. ಗೆರೆಯ ಮೇಲೆ ಬಗ್ಗಿ ನಿಂತಾಗ ಕಣ್ಣಿಗೆ ಕಂಡದ್ದು ಮನೆಯ ಊಟದ ಸಾಲು. ಇವತ್ತು ಸೋತರೆ ಮತ್ತೆ ಒಂದು ವರ್ಷ ಆ ಬೇಳೆಸಾರು, ಮತ್ತೆ ಆ ತಿನ್ನು ತಿನ್ನು. ನನಗೆ ಅದನ್ನು ಇನ್ನೊಂದು ವರ್ಷ ತಡೆದುಕೊಳ್ಳಲು ಸಾಧ್ಯವಿರಲಿಲ್ಲ. ಗೆಲ್ಲಬೇಕು ಎಂಬ ಆಸೆ ಕಾಸಿನಷ್ಟೂ ಇರಲಿಲ್ಲ, ಮುಗಿಯಬೇಕು ಎಂಬುದೊಂದೇ ಇತ್ತು.

ಸೀಟಿ ಊದಿದರು. ಮೊದಲ ಸುತ್ತಿನಲ್ಲಿ ಘಟ್ಟದ ಹುಡುಗಿ ಮುಂದೆ ಹೋದಳು. ನಾನು ಅವಳ ಬೆನ್ನಿನ ನಂಬರನ್ನೇ ನೋಡುತ್ತ ಹಿಂದೆ ಬಿದ್ದೆ. ಎರಡನೆಯ ಸುತ್ತಿನ ತಿರುವಿನಲ್ಲಿ ಪಕ್ಕೆ ಹಿಡಿದುಕೊಂಡಿತು. ಹಗ್ಗದ ಹತ್ತಿರ ಬಂದಾಗ ಅಪ್ಪನ ಮುಖ ಕಂಡಿತು. ಎಲ್ಲರ ಅಪ್ಪಂದಿರೂ ಕೂಗುತ್ತಿದ್ದರು. ನಮ್ಮಪ್ಪ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದ. ನಾನು ಓಡುತ್ತಿರುವುದನ್ನು ಅವನು ನೋಡುತ್ತಲೇ ಇರಲಿಲ್ಲ. ಎಲ್ಲಿತ್ತೋ ಆ ರೋಷ, ಕಾಲಿಗೆ ಬಂತು. ಕೊನೆಯ ನೇರದಲ್ಲಿ ಅವಳನ್ನು ದಾಟಿ, ಒಂದು ಹೆಜ್ಜೆ ಮುಂದಾಗಿ ಗೆರೆ ಮುಟ್ಟಿ, ಅಲ್ಲೇ ಕೂತು ಬರೀ ನೀರು ವಾಂತಿ ಮಾಡಿದೆ.

ಅಪ್ಪ ಓಡಿ ಬಂದ. ಅವನ ಕಣ್ಣಲ್ಲಿ ನೀರು. "ಅಮ್ಮನೋರು ನಡೆಸಿಕೊಟ್ರು" ಅಂದ. ನನ್ನ ಬಾಯಿ ಒರೆಸಿದ, ತಲೆ ಸವರಿದ, ಮತ್ತೆ ಅದನ್ನೇ ಅಂದ. ಓಡಿದ್ದು ಅಮ್ಮನವರಾದರೆ ನನ್ನ ಪಕ್ಕೆ ಯಾಕೆ ಹೀಗೆ ಸಿಗಿಯುತ್ತಿದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮುಗಿಯಿತಲ್ಲ, ಇನ್ನು ಎಲ್ಲರೂ ಮೀನು ತಿನ್ನುತ್ತಾರಲ್ಲ ಎಂಬ ನೆಮ್ಮದಿಯಲ್ಲಿ ಬಸ್ಸಿನಲ್ಲಿ ಅವನ ಹೆಗಲಿಗೆ ಒರಗಿ ನಿದ್ದೆ ಹೋದೆ.

ಮರುದಿನ ಭಾನುವಾರ. ಅಜ್ಜಿ ಬೆಳಿಗ್ಗೆಯೇ ಯಾರನ್ನೋ ಪೇಟೆಗೆ ಓಡಿಸಿ ಬಂಗಡೆ ತರಿಸಿದ್ದಳು. ಅಷ್ಟು ದಿನದ ಹಸಿವೆಲ್ಲ ತೀರುವ ಹಾಗೆ ಆಯಿ ಸಾರು ಮಾಡಿದಳು, ಹುರಿದಳು. ನಾಲ್ಕೂ ತಟ್ಟೆಗೆ ಮೀನು ಬಿತ್ತು. ಅಜ್ಜಿ ಆಗಲೇ ಅರ್ಧ ತಿಂದು ಮುಗಿಸಿದ್ದಳು. ಅಪ್ಪ ತನ್ನ ತಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೀನೆತ್ತಿ ನನ್ನ ತಟ್ಟೆಗೆ ಹಾಕಿದ.

"ನೀ ತಿನ್ನು," ಅಂದ. "ಬೆಳಿಗ್ಗೆ ಗುಡಿಗೆ ಹೋಗಿ ಹೇಳಿ ಬಂದೆ. ಸ್ಟೇಟಿಗೆ ಹೋಗೂವರೆಗೆ ಬಿಟ್ಟದ್ದು ಬಿಟ್ಟದ್ದೇ. ಬಿಟ್ಟದ್ದಕ್ಕೇ ಅಲ್ಲಾ ನೀ ಗೆದ್ದದ್ದು?"

ಆಯಿಯ ಕೈ ಸೌಟಿನಲ್ಲೇ ನಿಂತಿತು. ಅಜ್ಜಿ ಬಾಯಲ್ಲಿದ್ದದ್ದನ್ನು ನುಂಗಲಿಲ್ಲ, ಉಗುಳಲಿಲ್ಲ. ನನ್ನ ತಟ್ಟೆಯಲ್ಲಿ ಎರಡು ಬಂಗಡೆ. ನಾನು ಎದ್ದು ಕೈ ತೊಳೆದುಕೊಂಡೆ. ಅವತ್ತು ಉಣ್ಣಲಿಲ್ಲ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ನನ್ನ ಕಾಲುಗಳನ್ನು ನೋಡಿಕೊಂಡು ಅತ್ತೆ. ಇವು ಓಡಿದ ಓಟವನ್ನೂ ಆ ಮೀನು ತಿಂದುಹಾಕಿತು ಅನಿಸಿತು. ವಿಭಾಗ ಮಟ್ಟ ಗೆದ್ದು ಸ್ಟೇಟಿಗೆ ಹೋದರೆ ಅಲ್ಲೂ ಗೆಲ್ಲಬೇಕು ಅನ್ನುತ್ತಾನೆ, ಅಲ್ಲಿ ಗೆದ್ದರೆ ಇನ್ನೇನೋ ಅನ್ನುತ್ತಾನೆ. ಇದಕ್ಕೆ ಕೊನೆಯೆಂಬುದೇ ಇಲ್ಲ.

ಸೋಮವಾರ ಬೆಳಿಗ್ಗೆ ಮಿಂದು, ಒಂದು ಕಾಯಿ ತೆಗೆದುಕೊಂಡೆ. ಅಪ್ಪನನ್ನು ಗುಡಿಗೆ ಬಾ ಎಂದು ಕರೆದೆ. ಮಗಳಿಗೆ ಭಕ್ತಿ ಬಂತು ಎಂದು ಖುಷಿಯಿಂದಲೇ ಬಂದ. ನಾನು ಅವನು ನಿಂತ ಜಾಗದಲ್ಲೇ ನಿಂತು, ಅದೇ ಪೂಜಾರಿಯ ಎದುರು ಗಟ್ಟಿಯಾಗಿ ಹೇಳಿದೆ: "ಅಮ್ಮಾ, ನಮ್ಮಪ್ಪ ಮೀನು ಉಣ್ಣೂವರೆಗೆ ನಾ ಓಡೂದಿಲ್ಲ."

ಪೂಜಾರಿ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು, ಕಾಯಿ ಒಡೆದರು. ಅಪ್ಪನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಮನೆಯ ತನಕ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ಸುದ್ದಿ ಕೇಳಿ ಆಯಿ ಹಣೆ ಹಣೆ ಚಚ್ಚಿಕೊಂಡಳು. ಅಜ್ಜಿ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳು ನಕ್ಕದ್ದು ನೋಡಿ ಅಪ್ಪನಿಗೆ ಇನ್ನಷ್ಟು ಉರಿಯಿತು.

ವಿಭಾಗ ಮಟ್ಟದ ಓಟ ಹತ್ತಿರದಲ್ಲೇ ಇತ್ತು. ಅಪ್ಪ ಬೆಳಿಗ್ಗೆ ಇಳಿತದ ಹೊತ್ತಿಗೆ ಎದ್ದು, ಶೂಗಳನ್ನು ನನ್ನ ಹಾಸಿಗೆಯ ಹತ್ತಿರ ಇಟ್ಟು ಅಂಗಳದಲ್ಲಿ ನಿಲ್ಲುತ್ತಿದ್ದ. ನಾನು ಎಚ್ಚರವಾಗಿದ್ದೂ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಅವನು ಮಾತು ಬಿಟ್ಟ. ನಾನೂ ಬಿಟ್ಟೆ. ಆಯಿ ನನಗೂ ಮೀನು ಬಡಿಸುವುದನ್ನು ನಿಲ್ಲಿಸಿದಳು. ಪಿ.ಟಿ. ಮಾಸ್ತರರು ಮನೆಗೇ ಬಂದು, ಇದೆಂಥ ಹುಚ್ಚಾಟ, ಹುಡುಗಿಯ ಹೆಸರು ಕಳಿಸಿಯಾಗಿದೆ ಎಂದು ಅಪ್ಪನ ಮೇಲೆ ರೇಗಿದರು. ಅಪ್ಪ ಹೊಸ್ತಿಲ ಮೇಲೆ ಕೂತು ಕೇಳಿಸಿಕೊಂಡ. ನನಗೆ ಒಳಗೊಳಗೇ ಪುಕುಪುಕು. ಅಪ್ಪ ಮಣಿಯದಿದ್ದರೆ? ಹರಕೆ ಹೇಳಿದ್ದು ನಾನೂ ಅಲ್ಲವೇ, ನಾನಾದರೂ ಹೇಗೆ ಮುರಿಯುವುದು? ಓಡುವುದೆಂದರೆ ನನಗೆ ಪ್ರಾಣವೇ ಆಗಿತ್ತು ಎಂಬುದು ಓಟ ನಿಂತ ಮೇಲೆ ಕಾಲುಗಳಿಗೆ ಗೊತ್ತಾಗತೊಡಗಿತ್ತು. ಕಿಟಕಿಯಿಂದ ಇಳಿತದ ಸದ್ದು ಕೇಳಿದರೆ ಹಾಸಿಗೆಯಲ್ಲೇ ಅವು ಮಿಡುಕುತ್ತಿದ್ದವು.

ಓಟಕ್ಕೆ ಮೂರು ದಿನ ಇರುವಾಗ ಅಪ್ಪ ಸಂಜೆ ಬಂದವನು ದೇವರ ಮುಂದೆ ಕೂತ. ಹಳದಿ ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯ ಇಟ್ಟು ಗಂಟು ಹಾಕಿದ. ದೇವರಿಗೆ ಕೊಟ್ಟ ಮಾತು ಮುರಿಯಬೇಕಾಗಿ ಬಂದರೆ ನಮ್ಮಲ್ಲಿ ಹೀಗೆ ತಪ್ಪುಕಾಣಿಕೆ ಕಟ್ಟಿಡುತ್ತಾರೆ. ಅದನ್ನು ನೋಡಿ ಆಯಿ ಒಲೆಯ ಕಡೆ ಹೋದಳು. ಅಪ್ಪನ ಚೀಲದಲ್ಲಿ ಕಾರವಾರದಿಂದಲೇ ತಂದ ಮೀನಿತ್ತು.

ಊಟಕ್ಕೆ ಕೂತಾಗ ಅವನು ಮೀನು ಮುಟ್ಟುವ ಮೊದಲು ನನ್ನನ್ನು ನೋಡಿದ.

"ನೀ ಓಡ್ತೆ. ನಾ ಎಂತ ಮಾಡೂದು ಹೇಳು?" ಅಂದ. "ಹಗ್ಗದ ಆಚೆ ನಿಂತ್ರೆ ನನ್ನ ಜೀವ ಬಾಯಿಗೆ ಬತ್ತದೆ. ಕಣ್ಣು ಬಿಟ್ಟು ನೋಡೂಕೂ ಆಗೂದಿಲ್ಲ. ನಿನ್ನ ಬದಲು ಓಡೂಕಂತೂ ಆಗೂದಿಲ್ಲ. ನಂಗೆ ಬಿಡೂಕೆ ಇದ್ದದ್ದು ಇದೊಂದೇ."

"ನೀ ಬಿಟ್ಟ ಮೀನೆಲ್ಲಾ ನಾನೇ ತಿಂದೆ ಅಪ್ಪಾ," ಅಂದೆ. "ತಿಂದು ತಿಂದು ಬಚ್ಚಲಲ್ಲಿ ಕಕ್ಕಿದೆ. ಬೇಕಾದ್ರೆ ಆಯಿನ ಕೇಳು."

ಅಪ್ಪ ಆಯಿಯನ್ನು ನೋಡಿದ. ಆಯಿ ತಲೆ ತಗ್ಗಿಸಿದಳು. ಅವನಿಗೆ ಅದು ಗೊತ್ತೇ ಇರಲಿಲ್ಲ. ಆಮೇಲೆ ಮೀನು ಮುರಿದು ಬಾಯಿಗಿಟ್ಟ. ಮೊದಲ ತುತ್ತಿಗೇ ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮತೊಡಗಿದ, ಕಣ್ಣಿನಿಂದ ನೀರು ಸುರಿಯಿತು. ಕೆಮ್ಮಿನದೋ ಬೇರೆಯದೋ ನಾನು ಕೇಳಲಿಲ್ಲ. ಅಜ್ಜಿ ಅನ್ನದ ಉಂಡೆ ಕಟ್ಟಿ ಮಗನ ಬಾಯಿಗೆ ತುರುಕಿ, ಮೀನು ತಿನ್ನೂದೂ ಮರ್ತು ಹೋಯ್ತಾ ನಿಂಗೆ ಎಂದು ಬೈದಳು. ಕೈ ತೊಳೆದು ಬಂದ ಅಪ್ಪ, ನಾಳೆ ಇಳಿತ ಬೆಳಿಗ್ಗೆ ಬೇಗ ಇದೆ, ದೋಣಿಯವರನ್ನು ಕೇಳಿ ಬಂದಿದ್ದೇನೆ ಅಂದ. ಇವನು ಬದಲಾಗುವ ಜಾತಿಯಲ್ಲ ಅಂದುಕೊಂಡೆ. ಆದರೂ ಬೆಳಿಗ್ಗೆ ಎದ್ದು ಹೋದೆ.

ವಿಭಾಗ ಮಟ್ಟದ ಓಟ ಘಟ್ಟದ ಮೇಲೆ ನಡೆಯಿತು. ನಾನು ಸೋತೆ. ಅಲ್ಲಿಯ ಗಾಳಿಯೋ, ಅಭ್ಯಾಸ ಬಿಟ್ಟದ್ದೋ, ಅಲ್ಲಿಯ ಹುಡುಗಿಯರು ನನಗಿಂತ ಗಟ್ಟಿಗರು ಎಂಬುದೋ, ಮೊದಲ ಮೂವರ ಹತ್ತಿರವೂ ಸುಳಿಯಲಿಲ್ಲ. ಆದರೆ ಓಟದ ಮೊದಲು ವಾಂತಿಯಾಗಲಿಲ್ಲ. ಅಪ್ಪ ಈ ಸಲ ಕಣ್ಣು ಬಿಟ್ಟುಕೊಂಡೇ ನಿಂತಿದ್ದ. ಓಟ ಮುಗಿದ ಮೇಲೆ ನನ್ನ ಚೀಲ ತನ್ನ ಹೆಗಲಿಗೆ ಹಾಕಿಕೊಂಡ.

ವಾಪಸು ಬಸ್ಸಿನಲ್ಲಿ ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ನಾನು ಅಪ್ಪನ ಮುಖವನ್ನೇ ನೋಡತೊಡಗಿದೆ. ಅವನು ಕಿಟಕಿಯಾಚೆ ನೋಡುತ್ತಿದ್ದ. ಹಿಂದಿನ ವರ್ಷವೂ ಹೀಗೇ ನೋಡುತ್ತಿದ್ದ. ನಾಳೆ ಬೆಳಿಗ್ಗೆ ಮಿಂದು ಕಾಯಿ ಹಿಡಿದರೆ ಇನ್ನೇನು ಬಿಡುತ್ತಾನೋ? ಅನ್ನ ಬಿಡುತ್ತಾನಾ? ರಾಮನಗುಳಿಯಲ್ಲಿ ಬಸ್ಸು ನಿಂತಾಗ ಇಳಿದು ಎರಡು ಚಹಾ, ಎರಡು ಬನ್ಸ್ ತಂದ. ನಾನು ಅವನ ಲೋಟವನ್ನೇ ನೋಡುತ್ತಿದ್ದೆ. ಕುಡಿದ. ಬನ್ಸೂ ತಿಂದ. ನನಗೆ ಸಮಾಧಾನವಾಗಲಿಲ್ಲ. ಕುಡಿದು ಮುಗಿಸಿ ಮತ್ತೆ ಕಿಟಕಿಯ ಕಡೆ ತಿರುಗಿದ.

ಅಂಕೋಲೆಯಲ್ಲಿ ಇಳಿದಾಗ ಸಂಜೆಯಾಗಿತ್ತು. ನಾನು ರೂಢಿಯಂತೆ ಸುತ್ತುದಾರಿಯ ಕಡೆ ಹೆಜ್ಜೆ ಹಾಕಿದೆ. ಅಪ್ಪ ಆ ಕಡೆ ಬರಲಿಲ್ಲ. ನನ್ನ ಚೀಲ ಹೊತ್ತುಕೊಂಡೇ ನೇರ ಮೀನು ಪೇಟೆಗೆ ಹೋಗಿ, ಆ ಹೆಂಗಸಿನ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವಳು ಅಪ್ಪನನ್ನೂ ಹಿಂದೆ ನಿಂತ ನನ್ನನ್ನೂ ನೋಡಿ ಮುಖ ಅರಳಿಸಿ, ಹಾಗಾದರೆ ಮಗಳು ಗೆದ್ದಳು ಅನ್ನು ಅಂದಳು. ಸುತ್ತಲಿನ ನಾಲ್ಕು ಹೆಂಗಸರು ತಿರುಗಿ ನೋಡಿದರು. ನಾನು ನೆಲ ನೋಡಿದೆ.

ಅಪ್ಪ ಒಂದು ಬಂಗಡೆಯ ಕಿವಿರು ಎತ್ತಿ ನೋಡುತ್ತಿದ್ದ.

"ಇಲ್ಲ, ಸೋತ್ಲು," ಅಂದ. "ಇದು ಇವತ್ತಿಂದಾ, ನಿನ್ನೆದಾ, ಅದು ಹೇಳು."